ಜಶೋದಾಳ ಎದೆಯ ಗಂಟು

ಮಹಾಶ್ವೇತಾದೇವಿಯವರ ‘ಸ್ತನದಾಯಿನಿ’ ಕತೆಯ ಹೆಸರಿನಲ್ಲೇ ಒಂದು ಒತ್ತಕ್ಷರದ ಆಟವಿದೆ. ಕೂಲಿಗೆ ಹಾಲೂಡಿಸುವವಳನ್ನು ‘ಸ್ತನ್ಯದಾಯಿನಿ’ ಎನ್ನಬೇಕಿತ್ತು. ಸ್ತನ್ಯವೆಂದರೆ ಮೊಲೆಹಾಲು. ಸಂಸ್ಕೃತದಿಂದ ಬಂಗಾಳಿಗೂ ಕನ್ನಡಕ್ಕೂ ಬಂದ ಪದವಾದ್ದರಿಂದ ನಮಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಲೇಖಕಿ ಆ ‘ಯ’ ಒತ್ತನ್ನು ತೆಗೆದುಬಿಟ್ಟರು. ಹಾಲು ಕೊಡುವವಳು ಹೋಗಿ ಮೊಲೆಯನ್ನೇ ಕೊಡುವವಳು ಬಂದಳು. ಇಂಗ್ಲಿಷಿಗೆ ಅನುವಾದಿಸಿದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ‘ಬ್ರೆಸ್ಟ್-ಗಿವರ್’ ಎಂದೇ ಇಟ್ಟರು. ‘ದಿ ವೆಟ್ ನರ್ಸ್’ ಎಂಬ ಇನ್ನೊಂದು ಅನುವಾದದ ಹೆಸರು ಕತೆಯ ವ್ಯಂಗ್ಯವನ್ನು ಮೊಂಡು ಮಾಡುತ್ತದೆ ಎಂಬುದು ಅವರ ವಾದ. ಒಪ್ಪತಕ್ಕದ್ದೇ. ಆದರೆ ಹೆಸರನ್ನು ಇಷ್ಟು ಸೂಕ್ಷ್ಮವಾಗಿ ಓದಿದ ವಿಮರ್ಶೆ, ಕತೆಯ ಕೊನೆಯಲ್ಲಿ ಆ ಮೊಲೆಗೆ ಏನಾಯಿತು ಎನ್ನುವುದನ್ನು ಅಷ್ಟೇ ನಿಧಾನವಾಗಿ ಓದಿದೆಯೇ?

ಕತೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ: ಹಾಲ್ದಾರ್ ಮನೆಯ ಕಿರಿಮಗನ ಸ್ಟುಡಿಬೇಕರ್ ಕಾರಿಗೆ ಸಿಕ್ಕಿ ಬಡ ಬ್ರಾಹ್ಮಣ ಕಂಗಾಲಿಚರಣ್ ಕಾಲು ಕಳೆದುಕೊಳ್ಳುತ್ತಾನೆ. ಹೊಟ್ಟೆಪಾಡಿಗೆ ಅವನ ಹೆಂಡತಿ ಜಶೋದಾ ಅದೇ ಮನೆಯ ಮಕ್ಕಳಿಗೆ ಹಾಲೂಡಿಸುವ ಕೆಲಸ ಹಿಡಿಯುತ್ತಾಳೆ. ಹಾಲು ಬತ್ತದಿರಲು ಮತ್ತೆ ಮತ್ತೆ ಬಸಿರಾಗಬೇಕು. ಇಪ್ಪತ್ತು ಬಾರಿ ಆಗುತ್ತಾಳೆ. ಆ ಮನೆಯ ಸೊಸೆಯರ ಮೈಕಟ್ಟು ಕೆಡದೆ ಉಳಿಯುತ್ತದೆ. ಹಿರಿಯೊಡತಿ ತೀರಿಕೊಂಡು ಕಾಲ ಬದಲಾದ ಮೇಲೆ ಆಕೆಯ ಹಾಲು ಯಾರಿಗೂ ಬೇಡ. ಅಡುಗೆಯವಳಾಗಿ ಮರಳಿದ ಅವಳ ಎಡ ಮೊಲೆಯಲ್ಲಿ ಕ್ಯಾನ್ಸರ್.

ಇದು ಸ್ವಾತಂತ್ರ್ಯೋತ್ತರ ಭಾರತದ ದೃಷ್ಟಾಂತ ಕತೆ ಎಂದು ಮಹಾಶ್ವೇತಾ ಅವರೇ ಹೇಳಿದ್ದಾರೆಂದು ಸ್ಪಿವಾಕ್ ತಮ್ಮ ಪ್ರಬಂಧದಲ್ಲಿ ದಾಖಲಿಸುತ್ತಾರೆ. ಎಲ್ಲರೂ ಹೀರಿ, ಕೊನೆಗೆ ಯಾರೂ ನೋಡಿಕೊಳ್ಳದ ತಾಯಿ. ಸ್ಪಿವಾಕ್ ಆ ಓದಿನಲ್ಲೇ ನಿಲ್ಲದೆ ಮಾರ್ಕ್ಸ್‌ವಾದಿ, ಸ್ತ್ರೀವಾದಿ ಓದುಗಳನ್ನೂ ಅದರ ಎದುರು ನಿಲ್ಲಿಸುತ್ತಾರೆ. ನಮ್ಮ ತರಗತಿಗಳಲ್ಲಿ ಮಾತ್ರ ಉಳಿದುಕೊಂಡದ್ದು ‘ಜಶೋದಾ ಎಂದರೆ ದೇಶ’ ಎಂಬ ಸುಲಭ ಸಮೀಕರಣ. ಈ ಕತೆಯ ಮೇಲಿನ ಸೆಮಿನಾರ್ ಪ್ರಬಂಧಗಳನ್ನು ಕೇಳಿದ್ದೇನೆ. ರಾಷ್ಟ್ರ, ಶ್ರಮ, ಮಾತೃತ್ವ ಎಲ್ಲ ಬರುತ್ತವೆ. ಗಂಟು ಎಂಬ ಪದ ಬರುವುದಿಲ್ಲ.

ಕತೆಯಲ್ಲಿ ಅದು ಹೇಗೆ ಬರುತ್ತದೆ ನೋಡಿ. ಮೊದಲು ಗಮನಿಸುವವಳು ಮನೆಗೆಲಸದ ಬಾಸಿನಿ. ಎಷ್ಟೊಂದು ಮಕ್ಕಳಿಗೆ ಹಾಲೂಡಿಸಿದ್ದಕ್ಕೇ ಹೀಗಾಗಿರಬಹುದು ಎಂದು ಜಶೋದಾ ತಳ್ಳಿಹಾಕಿದರೆ, ಬಾಸಿನಿ ಒಪ್ಪುವುದಿಲ್ಲ. ಹಾಲು ಕಟ್ಟಬೇಕಾದರೆ ಎದೆಯಲ್ಲಿ ಹಾಲಿರಬೇಕಲ್ಲ, ನಿನ್ನ ಕಿರಿಯದಕ್ಕೇ ಹತ್ತು ವರ್ಷವಾಯಿತಲ್ಲ ಎನ್ನುವುದು ಅವಳ ತರ್ಕ. ಇಡೀ ಕತೆಯಲ್ಲಿ ಇಷ್ಟು ಚೊಕ್ಕವಾದ ವೈದ್ಯಕೀಯ ತರ್ಕ ಇನ್ನೊಂದಿಲ್ಲ. ಕಲ್ಲಿನಂತಹ ಗಟ್ಟಿ ಉಂಡೆ ಮೊದಲು ಆಚೀಚೆ ಸರಿಯುತ್ತಿತ್ತು, ಈಗ ಅಲುಗುವುದಿಲ್ಲ ಎಂದು ಜಶೋದಾ ಹೇಳುತ್ತಾಳೆ. ನೋವಿಲ್ಲ, ಉರಿಯಿಲ್ಲ. ಗಂಡಸು ಡಾಕ್ಟರಿಗೆ ಮೈ ತೋರಿಸಲು ಅವಳು ಒಪ್ಪದ್ದರಿಂದ ಡಾಕ್ಟರು ಬಾಸಿನಿಯ ಮೂಲಕವೇ ವಿಚಾರಿಸುತ್ತಾರೆ: ತೊಟ್ಟು ಒಳಕ್ಕೆ ಎಳೆದಿದೆಯೇ, ಕಂಕುಳಲ್ಲಿ ಬೀಜದಂತೆ ಊದಿದೆಯೇ? ಈ ಪ್ರಶ್ನೆಗಳು ಬಾಸಿನಿಗೆ ಅಸಭ್ಯವೆನಿಸುತ್ತವೆ. ಆದರೂ ಹೋಗಿ ಕೇಳಿಕೊಂಡು ಬರುತ್ತಾಳೆ. ಎಲ್ಲಕ್ಕೂ ಉತ್ತರ ಹೌದು. ವಯಸ್ಸು ಐವತ್ತೈದರ ಆಸುಪಾಸು. ಆಕೆಯನ್ನು ನೋಡದೆಯೇ ಡಾಕ್ಟರು ಮನೆಯ ಹಿರಿಮಗನಿಗೆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೇಳಿ ಹೋಗುತ್ತಾರೆ.

ಇದಾವುದೂ ರೂಪಕದ ಭಾಷೆಯಲ್ಲ, ಕೇಸ್ ಶೀಟಿನ ಭಾಷೆ. ನೋವಿಲ್ಲದ ಗಂಟು, ಅದು ಒಳಗೆ ಅಂಟಿಕೊಂಡು ನಿಲ್ಲುವುದು, ತೊಟ್ಟು ಒಳಸರಿಯುವುದು, ರೋಗ ಕಂಕುಳಿನ ಗ್ರಂಥಿಗಳಿಗೆ ಹಬ್ಬುವುದು: ಇಂದಿಗೂ ಆಸ್ಪತ್ರೆಗಳ ಗೋಡೆಯ ಮೇಲಿನ ಪೋಸ್ಟರುಗಳಲ್ಲಿ ಇರುವುದು ಇವೇ ಲಕ್ಷಣಗಳು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ನೋಯದ ಗಂಟು ನಿರಪಾಯಕಾರಿ ಎಂಬ ನಂಬಿಕೆಯೇ ಎಷ್ಟೋ ಹೆಂಗಸರನ್ನು ತಡಮಾಡಿಸುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸತ್ತವರು 98 ಸಾವಿರಕ್ಕೂ ಹೆಚ್ಚು. ಇಷ್ಟೊಂದು ಸಾವಿಗೆ ಒಂದು ದೊಡ್ಡ ಕಾರಣ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಬೆಳೆದುಬಿಟ್ಟಿರುವುದು.

ಇನ್ನೊಂದು ಮಾತು. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 30 ದೇಶಗಳ 47 ಅಧ್ಯಯನಗಳ ಒಟ್ಟು ವಿಶ್ಲೇಷಣೆಯನ್ನು ಪ್ರಕಟಿಸಿತು. ಎದೆಹಾಲೂಡಿಸಿದ ಪ್ರತಿ 12 ತಿಂಗಳಿಗೆ ಈ ರೋಗದ ಸಾಪೇಕ್ಷ ಅಪಾಯ ಶೇ. 4.3ರಷ್ಟು, ಪ್ರತಿ ಹೆರಿಗೆಗೆ ಶೇ. 7ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ಹಾಗಾದರೆ ಇಪ್ಪತ್ತು ಬಸಿರಿನ ಜಶೋದಾಳಿಗೆ ಕ್ಯಾನ್ಸರ್ ಬರುವುದು ಲೇಖಕಿಯ ತಪ್ಪೇ? ಅಲ್ಲ. ಅಪಾಯ ತಗ್ಗುವುದೆಂದರೆ ಬರುವುದೇ ಇಲ್ಲವೆಂದಲ್ಲ. ತಪ್ಪು ಮಾಡುವವರು, ಹೀರಿದ್ದರಿಂದಲೇ ರೋಗ ಬಂತು ಎಂದು ಕತೆಯನ್ನು ಸರಳಗೊಳಿಸುವ ಓದುಗರು. ಅವರು ಹೇಳುವುದು ಜಶೋದಾಳ ಮೊದಲ ಊಹೆಯನ್ನೇ. ಬಾಸಿನಿ ಅದನ್ನು ಆಗಲೇ ನಿರಾಕರಿಸಿ ಆಗಿದೆ.

ಸೂಸನ್ ಸೊಂಟಾಗ್ 1978ರ ‘ಇಲ್‌ನೆಸ್ ಆಸ್ ಮೆಟಫರ್’ನಲ್ಲಿ ಕಾಯಿಲೆಯನ್ನು ರೂಪಕವಾಗಿಸಬೇಡಿ ಎಂದರು. ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಅವರು ಆ ಪುಸ್ತಕದಲ್ಲಿ ತಮ್ಮ ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. ಆಡ್ರಿ ಲಾರ್ಡ್ 1980ರ ‘ದಿ ಕ್ಯಾನ್ಸರ್ ಜರ್ನಲ್ಸ್’ನಲ್ಲಿ ಎಲ್ಲ ಹೇಳಿಕೊಂಡರು, ತೆಗೆದ ಮೊಲೆಯ ಜಾಗಕ್ಕೆ ಕೃತಕ ಮೊಲೆ ತೊಡಲು ನಿರಾಕರಿಸಿದ್ದನ್ನೂ, ಅದಕ್ಕೆ ಡಾಕ್ಟರರ ಕಚೇರಿಯ ನರ್ಸ್ ಆಕ್ಷೇಪಿಸಿದ್ದನ್ನೂ. ಹೇಳುವುದೋ ಬಿಡುವುದೋ ಎಂಬ ಆಯ್ಕೆ ಇಬ್ಬರಿಗೂ ಇತ್ತು. ಜಶೋದಾಳ ರೋಗ ಬಾಸಿನಿಯ ಬಾಯಿಂದ ಡಾಕ್ಟರಿಗೆ, ಡಾಕ್ಟರಿಂದ ಹಿರಿಮಗನಿಗೆ ದಾಟಿ ಹೋಗುತ್ತದೆ. ಹೆರಿಗೆಗೇ ಆಸ್ಪತ್ರೆಗೆ ಹೋಗದವಳು ಈಗ ಹೋಗುತ್ತೇನೆಯೇ ಎಂದು ಹಟ ಹಿಡಿಯುವುದೊಂದೇ ಅವಳದೇ ಮಾತು.

ಬಾಸಿನಿಗೆ ಕಂಕುಳಿನ ಪ್ರಶ್ನೆ ಅಸಭ್ಯವೆನಿಸಿದ್ದನ್ನು ನಗುತ್ತಾ ದಾಟಿಬಿಡುವಂತಿಲ್ಲ. ಕನ್ನಡದಲ್ಲೂ ಈ ಕಷ್ಟವಿದೆ. ಗೋವಿನ ಹಾಡಿನ ಕರು ಸಂಕೋಚವಿಲ್ಲದೆ ಆಡುವ ‘ಮೊಲೆ’ ಎಂಬ ಪದ, ಅದನ್ನು ಶಾಲೆಯಲ್ಲಿ ಹಾಡಿ ಬೆಳೆದ ನಮಗೆ ದೊಡ್ಡವರಾಗುವಷ್ಟರಲ್ಲಿ ಬೈಗುಳದಂತೆ ಕೇಳಿಸತೊಡಗುತ್ತದೆ. ಸ್ತನ ಎಂದರೆ ಪಠ್ಯಪುಸ್ತಕ, ಎದೆ ಎಂದರೆ ಹೃದಯವೋ ಶ್ವಾಸಕೋಶವೋ ತಿಳಿಯದು. ಹೆಂಗಸೊಬ್ಬಳು ‘ಎದೆಯಲ್ಲಿ ಏನೋ’ ಎಂದು ತಡವರಿಸಿದರೆ, ಕೇಳುವವರು ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತು ಮುಗಿಸುತ್ತಾರೆ. ‘ಯ’ ಒತ್ತು ತೆಗೆದು ಮಹಾಶ್ವೇತಾ ಹೆಸರಿನಲ್ಲಿ ಎತ್ತಿ ಹಿಡಿದದ್ದು ಈ ಅಂಗವನ್ನೇ. ಅದಕ್ಕೆ ಮತ್ತೆ ದೇಶದ ನಕಾಶೆ ಹೊದಿಸುವ ಅವಸರ ನಮಗೇಕೆ? ದೃಷ್ಟಾಂತ ಬೇಡವೆಂದಲ್ಲ. ಗಂಟು ಗಂಟಾಗಿ ನಮ್ಮ ಬೆರಳಿಗೆ ತಾಗಿದರೆ ಮಾತ್ರ ಅದು ದೇಶದ ಮಾತಾಗಲೂ ಸಾಧ್ಯ.

ಕೊನೆಗೆ ಹುಣ್ಣು ಒಡೆದು ನಾರುವ ಜಶೋದಾಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಅವಳ ಹಾಲು ಕುಡಿದವರಲ್ಲಿ ಒಬ್ಬರೂ ಸಾಯುವಾಗ ಹತ್ತಿರವಿಲ್ಲ. ಬ್ರಾಹ್ಮಣಿತಿಯ ಹೆಣವನ್ನು ಸುಡುವವನು ಡೋಮ. ಇದರ ಮೇಲೆ ಪುಟಗಟ್ಟಲೆ ವಿಮರ್ಶೆ ಬಂದಿದೆ. ಎಲ್ಲರಿಗಿಂತ ಮೊದಲು ಗಂಟನ್ನು ಕಂಡು, ಅದು ಹಾಲಿನದಲ್ಲ ಎಂದು ಸರಿಯಾಗಿ ಹೇಳಿದ ಬಾಸಿನಿಗೆ ಅವುಗಳಲ್ಲಿ ಒಂದು ಪ್ಯಾರಾ ಸಿಕ್ಕಿದ್ದರೂ ಸಾಕಿತ್ತು.