ಗುಟ್ಟಿನ ನೆಲೆ ಬದಲಾದ ಬಗೆ: ಮಾರ್ಟಿನ್ ಹೆಲ್‌ಮನ್ ಅವರ ಸಂವಹನ ಸಂಶೋಧನೆ

ಜಾನಪದ ಅಧ್ಯಯನದಲ್ಲಿ ಗುಟ್ಟು ಎಂಬುದು ಮುಖ್ಯವಾದ ಪರಿಕಲ್ಪನೆ. ಗಿಡಮೂಲಿಕೆಯ ಹೆಸರನ್ನು ಹೊರಗೆಡಹಿದರೆ ಮದ್ದಿನ ಗುಣ ಹೋಗುತ್ತದೆಂದು ನಾಟಿವೈದ್ಯರು ನಂಬುತ್ತಾರೆ. ಇಲ್ಲಿ ಮುಚ್ಚಿಡುವುದು ವಿಧಾನವನ್ನೇ. ಅದು ಬಯಲಾದರೆ ಗುಟ್ಟು ಕೆಡುತ್ತದೆ. ಹೇಳದೆ ಉಳಿದರೆ ಬಲ್ಲವನೊಡನೆ ಮಣ್ಣು ಸೇರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಮಾರ್ಟಿನ್ ಹೆಲ್‌ಮನ್ ಅವರ ಸಂಶೋಧನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಸ್ತಂತು ಸಂವಹನದ ಮೂಲ ತೊಡಕು ಅದರ ಬಯಲುತನ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹವೊಂದರ ನೋಟಕ್ಕೆ ಭೂಮಿಯ ಮೂರನೆಯ ಒಂದು ಭಾಗದಷ್ಟು ಸಿಕ್ಕುತ್ತದೆ. ಅದು ಬಿತ್ತರಿಸುವ ಅಲೆಯನ್ನು ಆ ವ್ಯಾಪ್ತಿಯೊಳಗೆ ಆಂಟೆನಾ ಉಳ್ಳ ಯಾರಾದರೂ ಹಿಡಿಯಬಹುದು. ಆದ್ದರಿಂದ ಕದ್ದಾಲಿಸುವವನು ಇದ್ದೇ ಇದ್ದಾನೆಂದು ಭಾವಿಸಿಯೇ ಇಲ್ಲಿ ಮಾತು ಆರಂಭವಾಗಬೇಕು.

ವಿಧಾನ ಶತ್ರುವಿಗೆ ತಿಳಿದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕೆಂದು ಕೆರ್ಕ್‌ಹಾಫ್ಸ್ 1883ರಲ್ಲಿಯೇ ಪ್ರತಿಪಾದಿಸಿದ್ದನು. ಆದರೆ ಆ ಕೀಲಿಯನ್ನು ದೂರದಲ್ಲಿರುವವರಿಗೆ ತಲುಪಿಸಲು ನಂಬಿಕೆಯ ದೂತನೊಬ್ಬ ಬೇಕಾಗಿತ್ತು. ಹೆಲ್‌ಮನ್ ಮತ್ತು ವಿಟ್‌ಫೀಲ್ಡ್ ಡಿಫಿ 1976ರಲ್ಲಿ ಪ್ರಕಟಿಸಿದ ಪ್ರಬಂಧವು ಈ ದೂತನನ್ನೇ ಕೈಬಿಟ್ಟಿತು. ಇಬ್ಬರೂ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನೂ ಒಂದು ಆಧಾರ ಸಂಖ್ಯೆಯನ್ನೂ ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ಆಧಾರ ಸಂಖ್ಯೆಯನ್ನು ತಮ್ಮ ತಮ್ಮ ಗುಪ್ತ ಘಾತಕ್ಕೆ ಏರಿಸಿ, ಅವಿಭಾಜ್ಯದಿಂದ ಭಾಗಿಸಿ, ಶೇಷವನ್ನು ಮಾತ್ರ ಕಳುಹಿಸುತ್ತಾರೆ. ಬಂದ ಶೇಷವನ್ನು ಮತ್ತೆ ತಮ್ಮ ಘಾತಕ್ಕೆ ಏರಿಸಿದಾಗ ಇಬ್ಬರಿಗೂ ಒಂದೇ ಸಂಖ್ಯೆ ದೊರೆಯುತ್ತದೆ. ಎಲ್ಲವನ್ನೂ ಕೇಳಿಸಿಕೊಂಡವನಿಗೆ ಶೇಷದಿಂದ ಘಾತಕ್ಕೆ ಹಿಂದಿರುಗುವ ದಾರಿ ಬಹು ದುರ್ಗಮ. ಈ ಚಿಂತನೆಯಲ್ಲಿ ರಾಲ್ಫ್ ಮರ್ಕಲ್ ಅವರ ಪಾಲೂ ಇದೆಯೆಂಬುದನ್ನು ಹೆಲ್‌ಮನ್ ಅವರೇ ಎತ್ತಿ ಹೇಳಿದ್ದಾರೆ.

1978ರ ಪ್ರಬಂಧದ ದಾರಿ ಬೇರೆ. ಆರನ್ ವೈನರ್ 1975ರಲ್ಲಿ ರೂಪಿಸಿದ್ದ ಕದ್ದಾಲಿಕೆಯ ವಾಹಿನಿಯ ಮಾದರಿಯನ್ನು ಲ್ಯೂಂಗ್-ಯಾನ್-ಚಿಯಾಂಗ್ ಮತ್ತು ಹೆಲ್‌ಮನ್ ಅದರಲ್ಲಿ ವಿಸ್ತರಿಸಿದರು. ಕದ್ದಾಲಿಸುವವನ ಕಿವಿಗೆ ಹೆಚ್ಚು ಗದ್ದಲ ಬೀಳುವುದಾದರೆ ಕೀಲಿಯ ಹಂಗಿಲ್ಲದೆಯೇ ಗುಟ್ಟು ಸಾಧ್ಯ. ಎರಡು ವಾಹಿನಿಗಳ ಸಾಮರ್ಥ್ಯದ ಅಂತರವೇ ಗುಟ್ಟಿನ ಪ್ರಮಾಣವೆಂದು ಅವರು ತೋರಿಸಿದರು. ತಾತ್ವಿಕವಾಗಿ ಇದು ಸೊಗಸಾದ ಫಲಿತಾಂಶ. ಆದರೆ ಉಪಗ್ರಹದ ಸಂದರ್ಭದಲ್ಲಿ ಅದರ ಮಿತಿ ಸ್ಪಷ್ಟ. ದೊಡ್ಡ ಆಂಟೆನಾ ಉಳ್ಳ ಪರಕೀಯನು ಗ್ರಾಹಕನಿಗಿಂತ ಚೆನ್ನಾಗಿ ಕೇಳಬಲ್ಲನು. ಆಗ ಈ ಅಂತರ ಸೊನ್ನೆಯಾಗುತ್ತದೆ. ಕೀಲಿ ಮತ್ತೆ ಅನಿವಾರ್ಯವಾಗುತ್ತದೆ.

ಕೀಲಿಯ ವಿನಿಮಯಕ್ಕೂ ಕೊರತೆಯುಂಟು. ಅದು ಮಾತನ್ನು ಮರೆಮಾಡುತ್ತದೆಯೇ ಹೊರತು ಎದುರಿಗಿರುವವರು ಯಾರೆಂದು ಹೇಳುವುದಿಲ್ಲ. ನಡುವೆ ಕುಳಿತವನು ಇಬ್ಬರೊಡನೆಯೂ ಬೇರೆ ಬೇರೆ ಕೀಲಿ ಮಾಡಿಕೊಂಡು ವಂಚಿಸಬಹುದು. ರಾಮಾಯಣದಲ್ಲಿ ಹನುಮಂತನ ಮಾತಷ್ಟೇ ಸೀತೆಗೆ ಸಾಲಲಿಲ್ಲ, ಉಂಗುರ ಬೇಕಾಯಿತು. ಅಂತಹ ಗುರುತಿಗಾಗಿ 1976ರ ಪ್ರಬಂಧ ಅಂಕೀಯ ಸಹಿಯ ಕಲ್ಪನೆಯನ್ನು ಮುಂದಿಟ್ಟಿತಾದರೂ ಅದನ್ನು ಬಳಕೆಗೆ ತರಬಲ್ಲ ಪದ್ಧತಿ ಮುಂದೆ ಇತರರಿಂದ ಬಂದಿತು.

ಈ ಸಂಶೋಧನೆಯ ಸಾಮಾಜಿಕ ಮಹತ್ವ ಪ್ರಕಟಣೆಯ ಪ್ರಶ್ನೆಯಲ್ಲಿದೆ. ಇಂತಹ ಪ್ರಬಂಧಗಳು ಶಸ್ತ್ರಾಸ್ತ್ರ ರಫ್ತಿನ ಕಾನೂನನ್ನು ಮೀರಬಹುದೆಂಬ ಎಚ್ಚರಿಕೆಯ ಪತ್ರ 1977ರಲ್ಲಿ ಬಂದಿತ್ತು. ಆದರೂ ಹೆಲ್‌ಮನ್ ಹಿಂಜರಿಯದೆ ತಮ್ಮ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಾವೇ ವೇದಿಕೆಯಲ್ಲಿ ಮಂಡಿಸಿದರು. ಇದಕ್ಕೆ ಪ್ರತಿಯಾಗಿ, ಬ್ರಿಟನ್ನಿನ ಸರ್ಕಾರಿ ಸಂಪರ್ಕ ಕೇಂದ್ರದಲ್ಲಿ ಜೇಮ್ಸ್ ಎಲ್ಲಿಸ್ 1970ರಲ್ಲಿಯೇ ಇದೇ ಜಾಡಿನ ಚಿಂತನೆ ನಡೆಸಿದ್ದರು. ಸಹೋದ್ಯೋಗಿಗಳು ಅದನ್ನು ಪೂರ್ಣಗೊಳಿಸಿದ್ದರು. ಅದು ಹೊರಬಿದ್ದದ್ದು 1997ರ ಡಿಸೆಂಬರಿನಲ್ಲಿ. ಎಲ್ಲಿಸ್ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಹೇಳದ ವಿದ್ಯೆಗೆ ನಾಟಿವೈದ್ಯನ ಮನೆಯಲ್ಲಿ ಒದಗುವ ಗತಿಯೇ ಆಧುನಿಕ ರಾಜ್ಯದ ಕಚೇರಿಯಲ್ಲಿಯೂ ಒದಗಿತ್ತು.

ಡಿಫಿ ಮತ್ತು ಹೆಲ್‌ಮನ್ ಅವರಿಗೆ 2015ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅವರ ಪದ್ಧತಿ ಶಾಶ್ವತವಲ್ಲ. ಕ್ವಾಂಟಮ್ ಕಂಪ್ಯೂಟರು ಅದನ್ನು ಭೇದಿಸಬಲ್ಲದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು; ಅದಕ್ಕೆ ಬದಲಿಯಾದ ಮಾನಕಗಳನ್ನು ಅಮೆರಿಕ 2024ರಲ್ಲಿ ಪ್ರಕಟಿಸಿತು. ದೋಷ ಮುಂಚಿತವಾಗಿ ಕಂಡದ್ದು ವಿಧಾನ ಎಲ್ಲರ ಮುಂದಿದ್ದುದರಿಂದ. ವಿಧಾನವನ್ನು ಊರಿಗೆ ಕೊಟ್ಟು ಕೀಲಿಯನ್ನು ಮಾತ್ರ ತಮ್ಮಲ್ಲಿಟ್ಟುಕೊಳ್ಳುವ ಈ ಕ್ರಮವು, ವಿಧಾನವನ್ನೇ ಗುಟ್ಟಾಗಿಸಿ ಕಳೆದುಕೊಂಡ ಪರಂಪರೆಗಳನ್ನು ದಾಖಲಿಸುವ ನಮ್ಮಂತಹವರ ಗಮನಕ್ಕೆ ಅರ್ಹವಾದುದು.