ಹಾರಾಟ ನೋಡುವವರು ನೆಲ ನೋಡಬೇಕು

ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಹಾರಿಸುವ ಮೋಟೋಕ್ರಾಸ್ ನೋಡಲು ಮೊದಲ ಸಲ ಬಂದವರನ್ನು ಗುರುತು ಹಿಡಿಯುವುದು ಸುಲಭ. ಗಾಡಿ ಗಾಳಿಯಲ್ಲಿ ತೀರಾ ಮೇಲಕ್ಕೆ ಹೋದಾಗ ಅವರು ಕೂಗುತ್ತಾರೆ. ಹಳಬರು ಅಷ್ಟರಲ್ಲಿ ಕೂಗಿ ಮುಗಿಸಿರುತ್ತಾರೆ, ಇಲ್ಲವೇ ಹಲ್ಲು ಕಚ್ಚಿಕೊಂಡು ಕೂತಿರುತ್ತಾರೆ. ಹಿಂದಿನ ಚಕ್ರ ಮಣ್ಣಿನ ದಿಬ್ಬದ ತುದಿ ಬಿಡುವ ಹೊತ್ತಿಗೆ ಜಿಗಿತದ ಹಣೆಬರಹ ಮುಕ್ಕಾಲು ಪಾಲು ಬರೆದಾಗಿರುತ್ತದೆ. ಎಷ್ಟು ದೂರ, ಎಷ್ಟು ಎತ್ತರ ಎಂಬುದು ಪೂರ್ತಿ ತೀರ್ಮಾನವಾಗಿಬಿಟ್ಟಿರುತ್ತದೆ. ಗಾಳಿಯಲ್ಲಿ ಸವಾರ ಎಷ್ಟೇ ಒದ್ದಾಡಿದರೂ ಆ ಹಾದಿಯನ್ನು ಒಂದು ಗೇಣೂ ಬದಲಿಸಲಾರ. ಗಾಡಿಯ ಮೂತಿ ಮೇಲಿರಬೇಕೋ ಕೆಳಗಿರಬೇಕೋ ಎಂಬುದಷ್ಟೇ ಅವನ ಕೈಯಲ್ಲಿ ಉಳಿಯುವ ಅಧಿಕಾರ.

ಹಾಗಾಗಿ ಮೊದಲ ಪಾಠ ಜಾಗದ್ದು. ರೇಸ್ ಮುಗಿಯುವ ಗೆರೆಯ ಕಡೆ ಕೂರಬೇಡಿ. ದೊಡ್ಡ ಜಂಪಿನ ಏರು ಪಕ್ಕದಿಂದ ಪೂರ್ತಿ ಕಾಣುವ ಕಡೆ, ಬೇಲಿಯ ಆಚೆ, ಬಿಸಿಲಿಗೆ ಬೆನ್ನು ಹಾಕಿ ಕೂರಿ. ರೇಸಿಗಿಂತ ಬೆಳಗಿನ ಪ್ರಾಕ್ಟೀಸಿಗೆ ಹೋಗುವುದು ಇನ್ನೂ ಒಳ್ಳೆಯದು. ರೇಸಿನಲ್ಲಿ ಎಲ್ಲರೂ ತಪ್ಪನ್ನು ಮುಚ್ಚಿಕೊಂಡು ಓಡಿಸುತ್ತಾರೆ. ಪ್ರಾಕ್ಟೀಸಿನಲ್ಲಿ ತಪ್ಪು ಬಯಲಿಗೆ ಬರುತ್ತದೆ, ತಪ್ಪು ಕಂಡವನಿಗೇ ಈ ಕಲೆಯ ರುಚಿ ಹತ್ತುವುದು. ಅಪಶ್ರುತಿ ಕಿವಿಗೆ ಬಡಿಯದವನಿಗೆ ಶ್ರುತಿ ಸೇರಿದ ಸುಖವೂ ಅಷ್ಟಕ್ಕಷ್ಟೇ.

ತಪ್ಪು ಕಾಣಲು ಬಹಳ ದಿನ ಬಿಟ್ಟು ಮತ್ತೆ ಗಾಡಿ ಹತ್ತಿದ ಸವಾರನಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗದು. ಮಳೆಗಾಲವಿಡೀ ಮೂಲೆ ಸೇರಿದ್ದ ಗಾಡಿ, ಮೂಳೆ ಮುರಿದೋ ಮದುವೆಯಾಗಿಯೋ ತಿಂಗಳುಗಟ್ಟಲೆ ಟ್ರ್ಯಾಕಿನ ಮುಖ ನೋಡದ ಮನುಷ್ಯ. ಚಪ್ಪಟೆ ನೆತ್ತಿಯ ಮೊದಲ ಟೇಬಲ್‌ಟಾಪಿಗೇ ಗಾಡಿ ಗಾಳಿಯಲ್ಲಿ ಅಡ್ಡಾದಿಡ್ಡಿ ತೂಗುತ್ತದೆ. ಇಳಿದು ಬಂದವನು ಹೆಲ್ಮೆಟ್ ತೆಗೆದು ಹೇಳುವ ಮೊದಲ ಮಾತು, ‘ಗಾಡಿ ಸರಿ ಇಲ್ಲ.’ ಮೆಕ್ಯಾನಿಕ್ಕು ಮನಸ್ಸಿನಲ್ಲೇ ಹೇಳಿಕೊಳ್ಳುವುದು, ‘ನೀನು ಸರಿ ಇಲ್ಲ.’ ಎಷ್ಟೋ ಸಲ ಇಬ್ಬರದೂ ನಿಜವೇ. ಯಾವುದು ಎಷ್ಟು ಪಾಲು ನಿಜ ಎಂದು ಬೇಲಿಯಾಚೆಯಿಂದಲೇ ಹೇಳಬಲ್ಲವನು ಅರ್ಧ ರಸಿಕನಾದ ಹಾಗೆ.

ಮೊದಲು ಕಿವಿ. ಏರಿನ ಬುಡದಿಂದ ತುದಿಯವರೆಗೆ ಎಂಜಿನ್ನಿನ ಸದ್ದು ಒಂದೇ ಎಳೆಯಲ್ಲಿ ಏರುತ್ತ ಹೋಗಬೇಕು. ಒಳ್ಳೆಯ ಸವಾರ ಜಂಪ್ ಚಿಕ್ಕದಿರಲಿ ದೊಡ್ಡದಿರಲಿ, ಆ ಎಳೆಯನ್ನು ತುಂಡರಿಸುವುದಿಲ್ಲ. ವೇಗವನ್ನು ಏರಿಗೆ ಬರುವ ಮುನ್ನವೇ ಅಳೆದುಕೊಂಡಿರುತ್ತಾನೆ. ಹೆದರಿದವನ ಸದ್ದು ತುದಿಗೆ ಒಂದೆರಡು ಅಡಿ ಮೊದಲೇ ತಟ್ಟನೆ ಕುಸಿಯುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಭಾರ ಮುಂದಕ್ಕೆ ಜಗ್ಗುತ್ತದೆ, ಮುಂದಿನ ಫೋರ್ಕ್ ಕುಗ್ಗುತ್ತದೆ, ಅದುಮಿಕೊಂಡಿದ್ದ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ಗಾಡಿಯ ಹಿಂಭಾಗವನ್ನು ಮೇಲಕ್ಕೆಸೆಯುತ್ತದೆ. ಮೂತಿ ನೆಲ ನೋಡುತ್ತದೆ. ಬಿಡುವಿನ ನಂತರ ಬಂದವರಲ್ಲಿ ಅತಿ ಹೆಚ್ಚು ಕಾಣುವ ಕಾಯಿಲೆ ಇದೇ. ಇದಕ್ಕೆ ಸ್ಪ್ಯಾನರಿನಲ್ಲಿ ಔಷಧಿ ಇಲ್ಲ.

ಮೂತಿ ಬೀಳುತ್ತಿದ್ದಾಗ ಗಾಳಿಯಲ್ಲಿ ಒಂದು ಪುಟ್ಟ ಗುಟುರು ಕೇಳುತ್ತದೆ, ಗಮನಿಸಿ. ಅದು ಆರ್ಭಟಕ್ಕಾಗಿ ಮಾಡಿದ್ದಲ್ಲ, ಜೀವ ಉಳಿಸಿಕೊಳ್ಳಲು. ನೆಲ ಬಿಟ್ಟ ಗಾಡಿಗೆ ಹೊರಗಿನಿಂದ ತಿರುಗಿಸುವ ಬಲ ಸಿಗುವುದಿಲ್ಲ. ಹಿಂದಿನ ಚಕ್ರವನ್ನು ಮುಂದಕ್ಕೆ ಇನ್ನಷ್ಟು ಜೋರಾಗಿ ತಿರುಗಿಸಿದರೆ ಉಳಿದ ಗಾಡಿ ಅದಕ್ಕೆದುರಾಗಿ ಹಿಂದಕ್ಕೆ ತಿರುಗಲೇಬೇಕು, ಮೂತಿ ಏಳುತ್ತದೆ. ಮೂತಿ ತೀರಾ ಎದ್ದಿದ್ದರೆ ಕೆಲಸ ತಿರುವುಮುರುವು. ಕ್ಲಚ್ ಹಿಡಿದು ಹಿಂದಿನ ಬ್ರೇಕನ್ನು ತಟ್ಟಿದರೆ, ನಿಂತ ಚಕ್ರದ ತಿರುಗುವಿಕೆ ಇಡೀ ಗಾಡಿಗೆ ದಾಟಿ ಮೂತಿ ಇಳಿಯುತ್ತದೆ. ಅದನ್ನು ಕಣ್ಣಲ್ಲೇ ನೋಡಬಹುದು: ಬರೀ ಮಸುಕಾಗಿದ್ದ ಟೈರಿನ ಹಲ್ಲುಗಳು ಆ ಒಂದು ಕ್ಷಣ ಬಿಡಿಬಿಡಿಯಾಗಿ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಮೂರು ದಿಬ್ಬಗಳನ್ನು ಒಂದೇ ನೆಗೆತಕ್ಕೆ ದಾಟುವ ಇಪ್ಪತ್ತು ಮೀಟರಿನ ಟ್ರಿಪಲ್ ಹಾರುವಾಗ ಗಾಳಿಯಲ್ಲಿರುವ ಸಮಯ ಎರಡು ಸೆಕೆಂಡಿನ ಆಸುಪಾಸು. ಅಷ್ಟರೊಳಗೆ ತಪ್ಪು ಗುರುತಿಸಿ, ತಿದ್ದಿ, ಇಳಿಯಲು ಮೈ ಸಜ್ಜು ಮಾಡಬೇಕು. ನನ್ನನ್ನು ಕೇಳಿದರೆ ಎತ್ತರದ ಹಾರಾಟಕ್ಕಿಂತ ಬ್ರೇಕಿನ ಈ ತಟ್ಟುವಿಕೆಗೆ ಚಪ್ಪಾಳೆ ಹೆಚ್ಚು ಸಲ್ಲಬೇಕು.

ಈಗ ಕಾಲು ನೋಡಿ. ಬಿಡುವಿನಲ್ಲಿ ಮೊದಲು ಸೋಲುವುದು ತೊಡೆ, ಆಮೇಲೆ ಮುಂಗೈ. ತೊಡೆ ದಣಿದವನು ಏರಿನಲ್ಲಿ ಅರಿವಿಲ್ಲದೆ ಸೀಟಿನ ಮೇಲೆ ಕೂತುಬಿಡುತ್ತಾನೆ. ಕೂತರೆ ಮೈಭಾರವೆಲ್ಲ ಹಿಂದಿನ ಶಾಕನ್ನು ಇನ್ನಷ್ಟು ಅದುಮುತ್ತದೆ, ಅದು ಬಿಚ್ಚಿಕೊಳ್ಳುವಾಗ ಅಷ್ಟೇ ಜೋರಾಗಿ ಎಸೆಯುತ್ತದೆ. ಕ್ರೀಡಾಂಗಣದೊಳಗಿನ ಮೋಟೋಕ್ರಾಸ್ ಆದ ಸೂಪರ್‌ಕ್ರಾಸಿನ ಘಟಾನುಘಟಿಗಳು ತಿರುವಿನ ಬೆನ್ನಿಗೇ ಇರುವ ಜಂಪನ್ನು ದಾಟಲು ಬೇಕೆಂದೇ ಹೀಗೆ ಮಾಡುತ್ತಾರೆ. ಅದಕ್ಕೆ ಸೀಟ್ ಬೌನ್ಸ್ ಎನ್ನುತ್ತಾರೆ. ಬೇಡದೆ ಬಂದ ಸೀಟ್ ಬೌನ್ಸ್ ಮಾತ್ರ ಸವಾರನನ್ನು ಹ್ಯಾಂಡಲ್ ದಾಟಿಸಿ ಕಳಿಸಬಲ್ಲದು. ಮುಂಗೈ ಬಿಗಿದವನದು ಇನ್ನೊಂದು ಕಥೆ. ಮಂಡಿಯಿಂದ ಟ್ಯಾಂಕನ್ನು ಹಿಡಿಯಬೇಕಾದವನು ಕೈಯಿಂದ ಹ್ಯಾಂಡಲನ್ನು ಹಿಡಿದುಕೊಂಡಿರುತ್ತಾನೆ, ಏರಿನಲ್ಲಿದ್ದ ಪ್ರತಿ ಗೀರೂ ಅವನ ಹೆಗಲಿಂದ ಹ್ಯಾಂಡಲಿಗೆ ಮರಳುತ್ತದೆ. ತುದಿ ಬಿಡುವಾಗ ಮುಂದಿನ ಚಕ್ರ ಒಂದಿಷ್ಟು ಓರೆಯಾಗಿದ್ದರೂ ಸಾಕು, ಗಾಡಿ ಗಾಳಿಯಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ. ಅವನ ಮೊಣಕೈ ನೋಡಿ: ಹೊರಕ್ಕೆ ಎದ್ದಿದ್ದರೆ ಅವನಿನ್ನೂ ಗಾಡಿಯ ಯಜಮಾನ, ಪಕ್ಕೆಗೆ ಅಂಟಿಕೊಂಡಿದ್ದರೆ ಬರೀ ಪ್ರಯಾಣಿಕ.

ಗಾಡಿಯ ಪಾಲಿನ ತಪ್ಪನ್ನು ಹೇಗೆ ತಿಳಿಯುವುದು? ನಾನು ಪಾಲಿಸುವ ಒರಟು ಲೆಕ್ಕ ಒಂದಿದೆ. ಗಾಡಿ ಪ್ರತಿ ಸುತ್ತಿಗೆ ಬೇರೆ ಬೇರೆ ರೀತಿ ಕುಣಿದರೆ ಸವಾರನನ್ನು ನೋಡಿ. ಒಂದೇ ಜಂಪಿನಲ್ಲಿ ಮಾತ್ರ ಕುಣಿದರೆ ಆ ಏರಿನ ಮಣ್ಣು, ಅದರಲ್ಲಿ ಕೊರೆದ ಗಾಲಿಯ ಜಾಡು ನೋಡಿ. ಎಲ್ಲ ಜಂಪಿನಲ್ಲೂ ಎಲ್ಲ ಸುತ್ತಿನಲ್ಲೂ ಒಂದೇ ತರಹ ಕುಣಿದರೆ ಗಾಡಿಗಳನ್ನು ಸಜ್ಜು ಮಾಡುವ ಪ್ಯಾಡಕ್ಕಿಗೆ ನಡೆಯಿರಿ, ತಮಾಷೆ ಅಲ್ಲಿದೆ.

ಪ್ಯಾಡಕ್ಕಿನಲ್ಲಿ ಮೊದಲು ಕಾಣುವುದು ಟೇಪು. ಸವಾರ ಬೂಟು, ಹೆಲ್ಮೆಟ್ ಸಮೇತ ಗಾಡಿ ಹತ್ತಿ ನಿಲ್ಲುತ್ತಾನೆ. ಮೆಕ್ಯಾನಿಕ್ಕು ಹಿಂದಿನ ಆಕ್ಸಲಿನಿಂದ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳೆಯುತ್ತಾನೆ. ಗಾಡಿ ಸ್ಟ್ಯಾಂಡಿನ ಮೇಲೆ ಚಕ್ರ ಎತ್ತಿ ನಿಂತಿದ್ದಾಗಿನ ಅಳತೆಗೂ ಇದಕ್ಕೂ ಇರುವ ವ್ಯತ್ಯಾಸವೇ ಸ್ಯಾಗ್. ಹಿಂದಿನ ಚಕ್ರ ಮೇಲೆ ಕೆಳಗೆ ಸುಮಾರು 300 ಮಿಲಿಮೀಟರ್ ಓಡಾಡುವ ದೊಡ್ಡ ಮೋಟೋಕ್ರಾಸ್ ಗಾಡಿಗಳಲ್ಲಿ ಅದು 100ರಿಂದ 105ರ ಸುತ್ತ ಇರಬೇಕು. ಬಿಡುವಿನಲ್ಲಿ ಮನೆಯೂಟ ತಿಂದು ಐದಾರು ಕೆಜಿ ಮೈಗೆ ಹತ್ತಿಸಿಕೊಂಡವನು ಕೂತರೆ ಹಿಂಭಾಗ ಹೆಚ್ಚು ಕುಸಿಯುತ್ತದೆ, ಮುಂಭಾಗ ಹಗುರವಾಗುತ್ತದೆ, ಹಾರುವಾಗ ಮೂತಿ ಆಕಾಶ ನೋಡುತ್ತದೆ. ಅಂದರೆ ಗಾಡಿ ಬದಲಾಗಿಲ್ಲ, ಆದರೂ ಗಾಡಿಯ ಸೆಟ್ಟಿಂಗ್ ತಪ್ಪಾಗಿದೆ. ಮೆಕ್ಯಾನಿಕ್ಕಿಗೂ ಸವಾರನಿಗೂ ಮರ್ಯಾದೆ ಉಳಿಸುವ ಉತ್ತರ ಇದು. ಶಾಕಿನ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರಿಲೋಡ್ ರಿಂಗನ್ನು ಬಿಗಿ ಮಾಡಿ ಸರಿಪಡಿಸುತ್ತಾರೆ. ಆಮೇಲೆ ಸವಾರನನ್ನು ಇಳಿಸಿ, ಗಾಡಿ ತನ್ನ ಭಾರಕ್ಕೆ ತಾನೇ ಎಷ್ಟು ಕುಸಿಯುತ್ತದೆ ನೋಡುತ್ತಾರೆ. ಅದು 30-40 ಮಿಲಿಮೀಟರಿಗಿಂತ ತೀರಾ ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗಿದೆ ಎಂದು ಹೊಸಬರು ಭಾವಿಸುತ್ತಾರೆ. ನಿಜ ಅದಕ್ಕೆ ವಿರುದ್ಧ. ಸ್ಪ್ರಿಂಗ್ ಆ ಮೈಭಾರಕ್ಕೆ ಮೆತ್ತಗಾಗಿದೆ, ಅದನ್ನು ಮುಚ್ಚಲು ರಿಂಗನ್ನು ಅತಿಯಾಗಿ ತಿರುಗಿಸಲಾಗಿದೆ.

ಮೆಕ್ಯಾನಿಕ್ಕು ಶಾಕಿನ ಬುಡಕ್ಕೆ ಸ್ಕ್ರೂಡ್ರೈವರ್ ಇಟ್ಟು ಟಿಕ್ ಟಿಕ್ ಎಂದು ತಿರುಗಿಸಿದರೆ ಅದು ರೀಬೌಂಡ್. ಅದುಮಿದ ಶಾಕ್ ಎಷ್ಟು ಬೇಗ ಬಿಚ್ಚಿಕೊಳ್ಳಬೇಕು ಎಂಬ ಕಡಿವಾಣ. ಎಣ್ಣೆ ಹಳತಾಗಿ ತೆಳುವಾದರೆ, ಒಳಗಿನ ನೈಟ್ರೋಜನ್ ಸೋರಿ ಹೋದರೆ ಕಡಿವಾಣ ಸಡಿಲ. ಸವಾರ ಎಲ್ಲವನ್ನೂ ಸರಿಯಾಗಿ ಮಾಡಿದರೂ ತುದಿಯಲ್ಲಿ ಹಿಂಭಾಗ ಒದೆಯುತ್ತದೆ. ಎರಡು ಕ್ಲಿಕ್ ಒಳಗೆ ತಿರುಗಿಸಿ ಮತ್ತೆ ಅದೇ ಜಂಪಿಗೆ ಕಳಿಸುತ್ತಾರೆ. ಒಮ್ಮೆಗೆ ಒಂದೇ ಬದಲಾವಣೆ ಮಾಡುವ ಮೆಕ್ಯಾನಿಕ್ಕನ್ನು ಕಂಡರೆ ಅವನ ಹತ್ತಿರವೇ ನಿಂತು ನೋಡಿ. ಒಟ್ಟಿಗೆ ನಾಲ್ಕು ಕಡೆ ಕೈ ಹಾಕುವವನ ಪಕ್ಕ ಸಮಯ ವ್ಯರ್ಥ ಮಾಡಬೇಡಿ.

ಮೂಲೆ ಸೇರಿದ ಗಾಡಿಗೆಂದೇ ಮೀಸಲಾದ ರೋಗಗಳೂ ಇವೆ. ಪ್ರೆಷರ್ ವಾಷ್ ಹೊಡೆದು, ಗ್ರೀಸ್ ಹಚ್ಚದೆ ನಿಲ್ಲಿಸಿದ ಗಾಡಿಯಲ್ಲಿ ಶಾಕನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕೇಜಿನ ಬೇರಿಂಗು ತುಕ್ಕು ಹಿಡಿದು ಬಿಗಿಯುತ್ತದೆ, ಆಗ ಶಾಕ್ ಎಷ್ಟು ಚೆನ್ನಾಗಿದ್ದರೇನು. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನಟ್ಟನಡುವೆ ಸಣ್ಣ ಹಳ್ಳಕ್ಕೆ ಬಿದ್ದ ಹಾಗೆ ತಡೆದರೆ ಸ್ಟಿಯರಿಂಗ್ ಬೇರಿಂಗು ಮುಗಿದಿದೆ. ಚೈನನ್ನು ತೀರಾ ಬಿಗಿದಿದ್ದರೆ ಹಿಂದಿನ ಚಕ್ರ ಹೊತ್ತ ಸ್ವಿಂಗ್‌ಆರ್ಮ್ ಮೇಲೇಳುವ ದಾರಿಯಲ್ಲೇ ಚೈನು ಅದನ್ನು ಕಟ್ಟಿಹಾಕುತ್ತದೆ. ಶಾಕ್ ಬಿಚ್ಚಿ ನೋಡಿ ಏನೂ ಸಿಗದೆ ತಲೆ ಕೆರೆದುಕೊಳ್ಳುವವರು ಇದನ್ನು ಮರೆತಿರುತ್ತಾರೆ. ಸಡಿಲ ಸ್ಪೋಕು, ಗಾಳಿ ಹೆಚ್ಚಾದ ಟೈರು ಇವೆಲ್ಲ ಎರಡು ನಿಮಿಷದ ಕೆಲಸ, ಬಿಡಿ.

ಇಷ್ಟು ತಿಳಿದ ಮೇಲೆ ಹಳೆಯ ಚರಿತ್ರೆಯೂ ಬೇರೆ ತರಹ ಕಾಣುತ್ತದೆ. ಮೋಟೋಕ್ರಾಸ್ ಹಾರಾಟದ ಆಟವಾಗಿದ್ದೇ ಹಿಂದಿನ ಶಾಕಿನ ದೆಸೆಯಿಂದ. ಬೆಲ್ಜಿಯಮ್ಮಿನ ಎಂಜಿನಿಯರ್ ಲೂಸಿಯನ್ ಟಿಲ್ಕನ್ಸ್ ರೂಪಿಸಿದ ಒಂಟಿ ಶಾಕಿನ ವಿನ್ಯಾಸವನ್ನು ಯಮಹಾ ತೆಗೆದುಕೊಂಡಿತು. ಸ್ವೀಡನ್ನಿನ ಹಾಕನ್ ಆಂಡರ್ಸನ್ 1973ರಲ್ಲಿ ಆ ಗಾಡಿಯ ಮೇಲೆ 250 ಸಿಸಿ ವಿಶ್ವ ಚಾಂಪಿಯನ್ ಆದ. ಅದಾದ ಮೇಲೆ ಸಸ್ಪೆನ್ಷನ್ನಿನ ಓಡಾಟ ವರ್ಷ ವರ್ಷಕ್ಕೂ ಹೆಚ್ಚುತ್ತ ಹೋಯಿತು, ದಿಬ್ಬಗಳೂ ಬೆಳೆದವು. ಆಂಡರ್ಸನ್ ಗೆಲ್ಲುವುದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಲಾಸ್ ಏಂಜಲೀಸಿನ ಕಾಲಿಸಿಯಂ ಕ್ರೀಡಾಂಗಣಕ್ಕೆ ಮಣ್ಣು ಹೊತ್ತು ಹಾಕಿ ನಡೆಸಿದ ರೇಸನ್ನು ಹದಿನಾರರ ಹುಡುಗ ಮಾರ್ಟಿ ಟ್ರೈಪ್ಸ್ ಗೆದ್ದಿದ್ದ. ಇಂದಿನ ಸೂಪರ್‌ಕ್ರಾಸಿನ ಬೇರು ಅಲ್ಲಿದೆ. ಮುಂದೆ ಫ್ಲಾರಿಡಾದ ಜೇಮ್ಸ್ ಸ್ಟೂವರ್ಟ್ ಹಾರುವುದರಲ್ಲಿ ಕಾಲಹರಣವಾಗುತ್ತದೆ ಎಂದು ತೋರಿಸಿಕೊಟ್ಟ. ಏರಿನಲ್ಲೇ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ, ಮೇಲಕ್ಕೆ ಹೋಗುವ ಬಲವನ್ನು ನುಂಗಿ, ತಗ್ಗಿನಲ್ಲೇ ಹಾದು ಬೇಗ ನೆಲಕ್ಕೆ ಮರಳುವ ಸ್ಕ್ರಬ್ಬಿಗೆ ಅವನ ಅಡ್ಡಹೆಸರು ಸೇರಿ ಬಬ್ಬಾ ಸ್ಕ್ರಬ್ ಎಂದೇ ಆಯಿತು. ಹೊಸಬರಿಗೆ ಅದು ಬೀಳುತ್ತಿರುವ ಗಾಡಿಯ ಹಾಗೆ ಕಾಣುತ್ತದೆ. ಗಾಡಿಯೇ ವಾಲಿತೋ ಸವಾರ ವಾಲಿಸಿದನೋ ಎಂಬುದನ್ನು ಅವನ ತಲೆ ಹೇಳುತ್ತದೆ. ವಾಲಿಸಿದವನ ಕಣ್ಣು ಆಗಲೇ ಇಳಿಯುವ ಜಾಗದ ಮೇಲಿರುತ್ತದೆ. ಗಾಡಿಯೇ ವಾಲಿದ್ದರೆ ಮುಂದಿನ ಚಕ್ರದ ಮೇಲೆ.

ಮರಳಿ ಬರುವುದರ ಬೆಲೆ ತಿಳಿಯಲು ಇಬ್ಬರನ್ನು ನೆನೆದರೆ ಸಾಕು. ಡಗ್ ಹೆನ್ರಿ 1995ರಲ್ಲಿ ಮೇರಿಲ್ಯಾಂಡಿನ ಬಡ್ಸ್ ಕ್ರೀಕ್ ಟ್ರ್ಯಾಕಿನ ಇಳಿಜಾರಿನ ಜಂಪಿನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ. 1997ರಲ್ಲಿ ಲಾಸ್ ವೇಗಸ್ಸಿನ ಸೂಪರ್‌ಕ್ರಾಸನ್ನು ಗೆದ್ದ, ಅದೂ ಟೂ-ಸ್ಟ್ರೋಕುಗಳ ಕಾಲದಲ್ಲಿ ಯಮಹಾದ ಪ್ರಯೋಗದ ಫೋರ್-ಸ್ಟ್ರೋಕ್ ಗಾಡಿಯ ಮೇಲೆ. ಜರ್ಮನಿಯ ಕೆನ್ ರಾಕ್ಸನ್ 2017ರ ಜನವರಿಯಲ್ಲಿ ಆನಹೈಮಿನ ಒಂದು ಜಂಪಿನಲ್ಲಿ ಗಾಡಿ ಹತೋಟಿ ತಪ್ಪಿ ಎಡಗೈ ನುಜ್ಜಾಗಿಸಿಕೊಂಡ. ಶಸ್ತ್ರಚಿಕಿತ್ಸೆಗಳ ಸಾಲೇ ಆಯಿತು. ಒಂದು ವರ್ಷಕ್ಕೆ ಮರಳಿದ, ಆದರೆ ಮತ್ತೆ ಸೂಪರ್‌ಕ್ರಾಸ್ ಗೆದ್ದದ್ದು 2020ರಲ್ಲಿ, ಸೇಂಟ್ ಲೂಯಿಯಲ್ಲಿ. ಅವರ ಮಟ್ಟದಲ್ಲೇ ಇಷ್ಟು ಕಾಲ ಹಿಡಿದರೆ, ನಿಮ್ಮೂರ ಮೈದಾನದಲ್ಲಿ ಎಕ್ಸ್‌ಪಲ್ಸ್ ಬೈಕ್ ಹತ್ತಿ ಮೊದಲ ಸುತ್ತಿಗೇ ಡಬಲ್ (ಎರಡು ದಿಬ್ಬಗಳ ಜೋಡಿ) ಹಾರಲು ಹೊರಟವನ ಬಗ್ಗೆ ಏನು ಹೇಳುವುದು.

ನೋಡಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಮರುಭೂಮಿಯ ದೀರ್ಘ ಓಟವಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅದಕ್ಕೂ ಮೊದಲು ನಮ್ಮ ಮೋಟೋಕ್ರಾಸ್, ಸೂಪರ್‌ಕ್ರಾಸ್ ಕಣಗಳಲ್ಲಿ ಪಳಗಿದವರು. ಅವರ ಬಿಗ್‌ರಾಕ್ ಡರ್ಟ್ ಪಾರ್ಕ್ ಕೋಲಾರದ ಕಡೆ ಇದೆ. ಉಡುಪಿಯ ಕೆ. ಪಿ. ಅರವಿಂದ್ ಕೂಡ ಡಕಾರಿಗೆ ಹೋದದ್ದು ಇದೇ ಮಣ್ಣಿನ ಜಿಗಿತಗಳಿಂದ. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾದಾಗ ಬೆಂಗಳೂರಿನಲ್ಲೂ ಒಂದು ಸುತ್ತು ನಡೆಯಿತು.

ಮುಂದಿನ ಸಲ ಹೋದಾಗ ಬಿಡುವಿನ ಬಳಿಕ ಬಂದ ಒಬ್ಬನನ್ನು ಆರಿಸಿಕೊಳ್ಳಿ, ಇಡೀ ಬೆಳಿಗ್ಗೆ ಅವನನ್ನೇ ನೋಡಿ. ಬುದ್ಧಿ ಇರುವವನು ಮೊದಲ ಕೆಲವು ಸುತ್ತು ಡಬಲ್ಲುಗಳನ್ನು ಹಾರದೆ ಉರುಳಿಸಿಕೊಂಡೇ ಹೋಗುತ್ತಾನೆ, ಏರಿನ ಮಣ್ಣು ಓದಿಕೊಳ್ಳುತ್ತ. ಆಮೇಲೆ ಟೇಬಲ್‌ಟಾಪು; ಅಲ್ಲಿ ಅಳತೆ ತಪ್ಪಿದರೂ ನಡುವೆ ಬೀಳಲು ಹಳ್ಳವಿಲ್ಲ. ಸದ್ದಿನ ಎಳೆ ಯಾವ ಸುತ್ತಿನಲ್ಲಿ ಮೊದಲ ಬಾರಿಗೆ ತುಂಡಾಗದೆ ತುದಿ ಮುಟ್ಟಿತು ಎಂದು ಕೇಳಿಸಿಕೊಳ್ಳಿ. ಇಳಿಯುವಾಗ ಎರಡೂ ಚಕ್ರ ಇಳಿಜಾರಿಗೆ ಒಟ್ಟಿಗೆ ತಾಗಿದವೇ, ತಾಗುವ ಹೊತ್ತಿಗೆ ಆಕ್ಸಿಲರೇಟರ್ ಮತ್ತೆ ತೆರೆದಿತ್ತೇ, ಇವೆರಡನ್ನೂ ನೋಡಿ. ಊಟದ ಹೊತ್ತಿಗೆ ಅವನು ಮೆಕ್ಯಾನಿಕ್ಕಿನ ಹತ್ತಿರ ಹೋಗಿ ‘ಗಾಡಿ ಸರಿ ಇಲ್ಲ’ ಎಂದರೆ, ಯಾರ ಪಕ್ಷ ವಹಿಸಬೇಕೆಂದು ಅಷ್ಟರಲ್ಲಿ ನಿಮಗೇ ಗೊತ್ತಿರುತ್ತದೆ. ಬಾಯಿ ಬಿಟ್ಟು ಹೇಳಬೇಡಿ, ಅಷ್ಟೇ.