ಸದ್ದು ಮಾಡದ ಕಬ್ಬಿಣ

ಮಳೆ ಹಿಡಿದಾಗಿನಿಂದ ಬರುತ್ತಿರುವ ಪತ್ರಗಳಲ್ಲಿ ಒಂದೇ ಪ್ರಶ್ನೆ: ಮೆಟಲ್ ಡಿಟೆಕ್ಟರ್ ಯಾವುದು ಕೊಳ್ಳಲಿ? ಬನಶಂಕರಿಯ ಓದುಗರೊಬ್ಬರ ಮಾವನವರಿಗೆ ಕನಕಪುರದ ಕಡೆ ರಾಗಿ ಹೊಲವಿದೆಯಂತೆ. ಉಳುವಾಗ ಆಗೊಮ್ಮೆ ಈಗೊಮ್ಮೆ ತಾಮ್ರದ ಕಾಸು ಏಳುತ್ತದೆ, ಯಂತ್ರ ಹಿಡಿದು ನಡೆದರೆ ಇನ್ನಷ್ಟು ಸಿಕ್ಕೀತಲ್ಲವೇ ಎಂದು ಕೇಳಿದ್ದಾರೆ. ಸಿಕ್ಕೀತು. ಆದರೂ ಕೊಳ್ಳಬೇಡಿ ಎಂದೇ ನನ್ನ ಉತ್ತರ.

ಕಾನೂನಿನ ಮಾತನ್ನು ಈ ಅಂಕಣದ ಹಳಬರಿಗೆ ಮತ್ತೆ ಹೇಳಬೇಕಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ನೆಲದಡಿಯಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗೆ ಮೀರಿದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಸಂರಕ್ಷಿತ ಜಾಗದಲ್ಲಂತೂ ಪರವಾನಗಿ ಇಲ್ಲದೆ ಗುದ್ದಲಿ ಹಾಕುವಂತಿಲ್ಲ. ಇವೆಲ್ಲ ಇದ್ದದ್ದೇ. ನನ್ನ ತಕರಾರು ಯಂತ್ರದ ಸ್ವಭಾವದ ಬಗ್ಗೆ.

ಡಿಟೆಕ್ಟರಿನ ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದರಿಂದ ಹೊಮ್ಮುವ ಕಾಂತಕ್ಷೇತ್ರ ಮಣ್ಣಿಗಿಳಿದು, ಲೋಹಕ್ಕೆ ತಾಗಿದರೆ ಅಲ್ಲೊಂದು ಸಣ್ಣ ವಿದ್ಯುತ್ ಸುಳಿ ಎಬ್ಬಿಸುತ್ತದೆ. ಆ ಸುಳಿಯ ಮಾರ್ದನಿಯೇ ಕಿವಿಗೆ ಬೀಳುವ ಸದ್ದು. ಕಾಸಿನಷ್ಟು ಲೋಹವಾದರೆ ಮುಕ್ಕಾಲು ಅಡಿ, ಹೆಚ್ಚೆಂದರೆ ಒಂದಡಿ ಆಳದವರೆಗೆ ಹಿಡಿದೀತು. ಅರ್ಧ ಗ್ರಾಂ ಕೂಡ ತೂಗದ ಕಂಠೀರಾಯಿ ಹಣವೆಂಬ ಚಿನ್ನದ ನಾಣ್ಯ ಎಷ್ಟೋ ಸಲ ತಟ್ಟೆಯ ಕೆಳಗಿದ್ದರೂ ಕೇಳಿಸುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ನೆಲವೇ ಸುಮ್ಮಸುಮ್ಮನೆ ಸದ್ದು ಮಾಡುತ್ತದೆ. ಅದಲ್ಲದೆ ಯಂತ್ರದವರು ಕಬ್ಬಿಣದ ಸಾಮಾನಿನ ಸದ್ದನ್ನು ಅಡಗಿಸುವ ಗುಂಡಿಯನ್ನೂ ಇಟ್ಟಿದ್ದಾರೆ. ಮೊಳೆ, ಲಾಳ, ಗುಳದ ಚೂರುಗಳ ಕಾಟ ತಪ್ಪಲೆಂದು ಎಲ್ಲರೂ ಮೊದಲು ಒತ್ತುವುದೂ ಅದನ್ನೇ.

ನನಗೆ ಸಂಕಟವಾಗುವುದು ಇಲ್ಲಿಯೇ. ಬೆಂಗಳೂರು ಸುತ್ತಲಿನ ನೆಲದ ಅತಿ ಹಳೆಯ ಕಥೆಗಳಲ್ಲೊಂದು ಕಬ್ಬಿಣದ ಕಥೆ. ಸಾವನದುರ್ಗದ ಬುಡದಲ್ಲಿ, ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ ಬೃಹತ್ ಶಿಲಾಯುಗದವರ ಸಮಾಧಿಗಳಿದ್ದವು. ಆ ಕಾಲದ ಜನ ಸತ್ತವರ ಜೊತೆ ಇಡುತ್ತಿದ್ದದ್ದು ಕಪ್ಪು-ಕೆಂಪು ಮಡಕೆ ಮತ್ತು ಕಬ್ಬಿಣದ ಸಾಮಾನು. ತುಕ್ಕು ಹಿಡಿದ ಬಾಣದ ಮೊನೆ, ಊರ ಕುಲುಮೆಯ ಕಿಟ್ಟದ ಗಟ್ಟಿ ಇವುಗಳ ಮೇಲೆ ಯಂತ್ರ ಮೂಕವಾಗಿ ಹಾದುಹೋಗುತ್ತದೆ. ಮಡಕೆ ಚೂರು ಅದಕ್ಕೆ ಮೊದಲೇ ಕಾಣದು. ಬೆಳ್ಳಿ ಬಂಗಾರ ಒಂದನ್ನೇ ಕಂಡು ಹೊಲವನ್ನು ಓದಿದೆ ಎನ್ನುವ ವಿದ್ಯೆಯನ್ನು ನಾನು ವಿದ್ಯೆ ಎಂದು ಒಪ್ಪುವುದಿಲ್ಲ.

ಉತ್ತ ಹೊಲದಲ್ಲಿ ಎಲ್ಲವೂ ಮೊದಲೇ ಕದಡಿದೆ, ನಾವು ಎತ್ತಿದರೆ ಏನು ನಷ್ಟ ಎಂದು ಯಂತ್ರದ ಪಕ್ಷದವರು ಕೇಳುತ್ತಾರೆ. ಅವರ ವಾದದಲ್ಲಿ ಬಲವಾದದ್ದು ಇದೊಂದೇ. ನೇಗಿಲು ಮಣ್ಣನ್ನು ಮಗುಚುತ್ತದೆ ನಿಜ, ಆದರೆ ವಸ್ತುವನ್ನು ಊರಾಚೆ ಒಯ್ಯುವುದಿಲ್ಲ. ಹೊಲದ ಒಂದೇ ಮೂಲೆಯಲ್ಲಿ ಕಾಸು, ಮಣಿ, ಮಡಕೆ ಚೂರು ಮತ್ತೆಮತ್ತೆ ಸಿಕ್ಕಿದರೆ ಅಲ್ಲೊಂದು ಹಾಳೂರು ಇತ್ತೆಂದು ಲೆಕ್ಕ. ಕಾಸನ್ನಷ್ಟೇ ಆರಿಸಿಕೊಂಡು ಜಾಗ ಬರೆದಿಡದವನು ಆ ಲೆಕ್ಕವನ್ನೇ ಅಳಿಸಿದ. ಸದ್ದು ಆಳದಿಂದ ಬಂದರೆ ನೇಗಿಲು ಮುಟ್ಟದ ಪದರಕ್ಕೂ ಅವನ ಗುದ್ದಲಿ ಇಳಿಯುತ್ತದೆ.

ಇನ್ನು ಸಿಕ್ಕ ನಾಣ್ಯವನ್ನು ಉಜ್ಜುವವರು. ಇವರೊಂದಿಗಿನ ನನ್ನ ಜಗಳ ಹಳೆಯದು, ಬಿಡುವವನೂ ನಾನಲ್ಲ. ಜೆ.ಪಿ. ನಗರದ ಪರಿಚಿತರೊಬ್ಬರ ಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು ಎಂಬ ಎರಡು ತಾಮ್ರದ ನಾಣ್ಯಗಳಿವೆ. ಒಂದೇ ಗುಣಿಯಲ್ಲಿ ಸಿಕ್ಕವು. ಒಂದನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದಾರೆ. ಅದರ ಮೇಲಿನ ಆನೆಯ ಬೆನ್ನು ಸವೆದಿದೆ, ಅಕ್ಷರದ ಅಂಚು ಹೋಗಿದೆ, ಹೊಳಪು ಮಾತ್ರ ಬಂದಿದೆ. ಇನ್ನೊಂದು ಪುಣ್ಯಕ್ಕೆ ಅವರ ಕಣ್ಣು ತಪ್ಪಿ ಹಾಗೇ ಉಳಿಯಿತು. ಅದರ ಹಿಂಬದಿಯ ಹಸಿರು ಪೊರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಡ್ಡನೂಲು, ಉದ್ದನೂಲು ಎರಡೂ ಸ್ಪಷ್ಟ: ಬಟ್ಟೆಯ ನೇಯ್ಗೆಯ ಅಚ್ಚು. ಆ ಕಾಸುಗಳನ್ನು ಯಾರೋ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ತಾಮ್ರದ ಕಿಲುಬು ನೂಲನ್ನು ಕೊಳೆಯಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ತಿಕ್ಕಿದ ಕಾಸಿನಲ್ಲಿ ಆ ಗಂಟಿನ ಸುದ್ದಿಯೇ ಇಲ್ಲ.

ದೊಡ್ಡ ನಿಧಿಗಳ ಪಾಡೂ ಇಷ್ಟೇ. 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಗೆ ಮಣ್ಣು ಕಡಿಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್‌ಎಎಲ್ ಬಳಿ 256 ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಮುಖ ಹೊತ್ತ ನಾಣ್ಯಗಳು ಬೆಂಗಳೂರಿನ ಮಣ್ಣಿನಲ್ಲಿ! ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿ ನೆಲ ಕಡಿದದ್ದು ಬೇರೆ ಕೆಲಸಕ್ಕೆ, ಪದರ ಓದುವುದಕ್ಕಲ್ಲ. ಚಿತ್ರದುರ್ಗದ ಚಂದ್ರವಳ್ಳಿಯನ್ನು ಇದರ ಪಕ್ಕ ಇಟ್ಟು ನೋಡಿ. ಪುರಾತತ್ವಜ್ಞರಾದ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರಾದ ಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆದ ಜಾಗ ಅದು. ಶಾತವಾಹನ ಕಾಲದ ಸೀಸದ ನಾಣ್ಯ, ರೋಮನ್ ನಾಣ್ಯ, ಮಡಕೆ ಚೂರು ಇವನ್ನು ಒಟ್ಟಿಗೆ ಓದಿದ್ದರಿಂದಲೇ ಆ ಪದರಗಳ ಕಾಲ ಗೊತ್ತಾಯಿತು. ಮಾರುಕಟ್ಟೆಯಲ್ಲಿ ಸೀಸದ ಬಿಲ್ಲೆಯನ್ನು ಕೇಳುವವರಿಲ್ಲ, ಇತಿಹಾಸದಲ್ಲಿ ಅದು ಬಂಗಾರಕ್ಕಿಂತ ಮೇಲು.

ಇಂಗ್ಲೆಂಡಿನಲ್ಲಿ ಬಿಡುತ್ತಾರಲ್ಲ ಎನ್ನುವವರಿಗೆ ಹಾಕ್ಸ್‌ನ್ ನಿಧಿಯ ಕಥೆ ಹೇಳುತ್ತೇನೆ. 1992ರಲ್ಲಿ ಎರಿಕ್ ಲಾಸ್ ಎಂಬಾತ ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕಲು ಡಿಟೆಕ್ಟರ್ ಹಿಡಿದು ಹೋದ. ಸಿಕ್ಕಿದ್ದು ಸುಮಾರು ಹದಿನೈದು ಸಾವಿರ ರೋಮನ್ ನಾಣ್ಯಗಳ ನಿಧಿ. ಆತ ಪೂರ್ತಿ ಅಗೆಯದೆ ಕೈತಡೆದು ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವಜ್ಞರು ಬಂದು ಇದ್ದ ಹಾಗೇ ಎತ್ತಿದ್ದರಿಂದ ಮರದ ಪೆಟ್ಟಿಗೆಯೊಳಗೆ ಯಾವುದರ ಪಕ್ಕ ಯಾವುದಿತ್ತು ಎಂಬುದೂ ತಿಳಿಯಿತು. ಬಹುಮಾನ ಹದಿನೇಳೂವರೆ ಲಕ್ಷ ಪೌಂಡ್. ಅದನ್ನು ಆತ ರೈತನ ಜೊತೆ ಹಂಚಿಕೊಂಡ. ಅಲ್ಲಿ ಬಾಯಿಬಿಟ್ಟು ಹೇಳಿದವನಿಗೆ ಲಾಭವಿದೆ. ಹೊಲದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸಿಕೊಳ್ಳುವ ವ್ಯವಸ್ಥೆ 1997ರಿಂದ ಇದೆ.

ಈ ಬುದ್ಧಿ ನಮಗೆ ಹೊಸದೇನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾನು ಆಗಾಗ ತೆರೆಯುವುದು ನಾಲ್ಕನೆಯ ಅಧಿಕರಣಕ್ಕಾಗಿ. ಅದರ ತಾತ್ಪರ್ಯ ಇಷ್ಟು. ನಿಧಿಯ ಸುಳಿವು ಕೊಟ್ಟವನಿಗೆ ಆರನೆಯ ಒಂದು ಪಾಲು. ಅವನು ಕೂಲಿಯವನಾದರೆ ಹನ್ನೆರಡರಲ್ಲೊಂದು. ಲಕ್ಷ ಮೀರಿದ ನಿಧಿ ಅರಸನದು. ತಲೆಮಾರಿನಿಂದ ಬಂದದ್ದೆಂದು ರುಜುವಾತು ಮಾಡಿದ ಪ್ರಾಮಾಣಿಕನಿಗೆ ಪೂರ್ತಿ ಅವನದೇ. ರುಜುವಾತಿಲ್ಲದೆ ತೆಗೆದುಕೊಂಡರೆ ಐನೂರು ದಂಡ, ಮುಚ್ಚಿಟ್ಟು ತೆಗೆದುಕೊಂಡರೆ ಸಾವಿರ. ನಮ್ಮ ವಿಜಯನಗರ ಕಾಲದ ದಾನಶಾಸನಗಳಲ್ಲೂ ಅಷ್ಟಭೋಗಗಳನ್ನು ಎಣಿಸುವಾಗ ಮೊದಲು ಬರುವುದು ನಿಧಿ, ನಿಕ್ಷೇಪ. ನೆಲ ಕೊಟ್ಟವನು ನೆಲದೊಳಗಿನದರ ಹಕ್ಕನ್ನೂ ಬಾಯಿಬಿಟ್ಟು ಹೇಳಿ ಕೊಡುತ್ತಿದ್ದ.

1878ರ ಕಾಯ್ದೆ ಏನು ಮಾಡಿತು? ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆ, ಅದರ ಮೇಲೆ ಐದನೆಯ ಒಂದು ಭಾಗ ಕೊಟ್ಟರೆ ಸಾಕೆಂದಿತು. ಅಂದರೆ ತೂಕಕ್ಕೆ ಬೆಲೆ. ಈ ಲೆಕ್ಕದಲ್ಲಿ ಸೀಸದ ನಾಣ್ಯ ತಂದ ರೈತನಿಗೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ನಮ್ಮ ರಾಜ್ಯ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಅದನ್ನು ಈಗ ಹೊಸದಾಗಿ ಬರೆಯಬೇಕು. ಲೋಹವನ್ನಲ್ಲ, ಮಾಹಿತಿಯನ್ನು ಮನ್ನಿಸುವ ಹಾಗೆ ಬರೆಯಬೇಕು. ಅಷ್ಟಾದರೆ ನಂದಿಯ ಹೊಟ್ಟೆ ಬಗೆಯುವ, ವೀರಗಲ್ಲು ಕೀಳುವ ನಿಧಿಗಳ್ಳರಿಗಿಂತ ಮೊದಲೇ ರೈತ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಾನೆ.

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಈಗ ಹೊಲವೆಲ್ಲಿ ಉಳಿದಿದೆ? ಯಡಿಯೂರು, ಭೈರಸಂದ್ರ, ಸಾರಕ್ಕಿ, ಜರಗನಹಳ್ಳಿ, ತಾವರೆಕೆರೆ ಎಲ್ಲವೂ ಬಡಾವಣೆಗಳ ಹೊಟ್ಟೆಯೊಳಗಿನ ಊರುಗಳು. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಬೆಂಗಳೂರಿನ ಹೆಸರು ಹೇಳುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಆ ಊರ ಸುತ್ತಲೂ ಈಗ ಅಪಾರ್ಟ್‌ಮೆಂಟಿನ ಪಾಯ. ಹಳೆ ಮನೆ ಕೆಡವಿ ನೆಲಮಾಳಿಗೆಗೆ ಜೆಸಿಬಿ ಇಳಿಸುವ ಪ್ರತಿ ಸೈಟೂ ನನ್ನ ಮಟ್ಟಿಗೆ ಉತ್ತ ಹೊಲವೇ. ಮೂರಾಳು ಆಳದ ಮಣ್ಣು ರಾತ್ರೋರಾತ್ರಿ ಟಿಪ್ಪರಿನಲ್ಲಿ ಹೋಗುತ್ತದೆ, ಯಾರೂ ನೋಡುವುದಿಲ್ಲ.

ಆದ್ದರಿಂದ ಪಾಯ ತೆಗೆಸುವ ಓದುಗರಲ್ಲಿ ನನ್ನ ಬೇಡಿಕೆ ಇದು. ಮಣ್ಣು ತೆಗೆಯುವ ದಿನ ನೀವೇ ನಿಂತು ನೋಡಿ. ಮಡಕೆ ಚೂರು, ಕಿಟ್ಟ, ಅಕ್ಷರದ ಕಲ್ಲು, ಕಾಸು ಏನು ಕಂಡರೂ ಕೆಲಸ ನಿಲ್ಲಿಸಿ, ಅಲ್ಲಿದ್ದ ಹಾಗೇ ಫೋಟೊ ತೆಗೆಯಿರಿ, ಎಷ್ಟು ಅಡಿ ಆಳ ಎಂದು ಬರೆದುಕೊಳ್ಳಿ, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ದಯವಿಟ್ಟು ತೊಳೆಯಬೇಡಿ.